ನೆಲದಡಿಯ ಹೊಣೆಗಾರಿಕೆ: ಕ್ರೋಮಿಯಂನಿಂದ ಕೆಟ್ಟ ಅಂತರ್ಜಲದ ಶುದ್ಧೀಕರಣ ಮತ್ತು ಸಣ್ಣ ಉದ್ಯಮಿಯ ಲೆಕ್ಕ

2025ರ ಜುಲೈ ತಿಂಗಳಲ್ಲಿ ಕೇಂದ್ರ ಪರಿಸರ ಸಚಿವಾಲಯವು 1986ರ ಪರಿಸರ ಸಂರಕ್ಷಣಾ ಕಾಯಿದೆಯಡಿ ಕಲುಷಿತ ಸ್ಥಳಗಳ ನಿರ್ವಹಣೆಗೆ ಸಂಬಂಧಿಸಿದ ನಿಯಮಗಳನ್ನು ಹೊರಡಿಸಿತು. ನಮ್ಮ ವಾಣಿಜ್ಯ ವಲಯದಲ್ಲಿ ಈ ಬಗ್ಗೆ ನಡೆದ ಚರ್ಚೆ ಅತ್ಯಲ್ಪ. ಜಿಎಸ್‌ಟಿ ದರದಲ್ಲಿ ಸಣ್ಣ ಬದಲಾವಣೆಯಾದರೂ ಮರುದಿನವೇ ದೂರವಾಣಿ ಮಾಡುವ ಕಕ್ಷಿದಾರರಲ್ಲಿ ಒಬ್ಬರೂ ಈ ನಿಯಮಗಳ ವಿಷಯವಾಗಿ ನನ್ನನ್ನು ಪ್ರಶ್ನಿಸಲಿಲ್ಲ. ಆದರೆ ಲೋಹಲೇಪನ, ಚರ್ಮ ಹದಗೊಳಿಸುವಿಕೆ, ವರ್ಣದ್ರವ್ಯ ತಯಾರಿಕೆ ಮುಂತಾದ ಉದ್ಯಮಗಳಲ್ಲಿ ತೊಡಗಿರುವವರಿಗೂ, ಅಂಥ ಉದ್ಯಮ ನಡೆದ ಜಾಗವನ್ನು ಕೊಳ್ಳಹೊರಟವರಿಗೂ, ಅದರ ಮೇಲೆ ಸಾಲ ಕೊಡುವವರಿಗೂ ಈ ನಿಯಮಗಳು ದರ ಬದಲಾವಣೆಗಿಂತ ಹೆಚ್ಚಿನ ಪರಿಣಾಮವುಳ್ಳವು. ನೆಲದಡಿಯ ನೀರು ಒಮ್ಮೆ ಕೆಟ್ಟರೆ ಅದನ್ನು ಸರಿಪಡಿಸುವುದು ಏನು, ಎಷ್ಟು ಕಾಲದ್ದು, ಅದರ ವೆಚ್ಚ ಯಾರ ಖಾತೆಗೆ ಬೀಳುತ್ತದೆ ಎಂಬುದನ್ನು ಒಬ್ಬ ಲೆಕ್ಕಪರಿಶೋಧಕನ ದೃಷ್ಟಿಯಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಲೋಹಗಳ ಪೈಕಿ ಕ್ರೋಮಿಯಂ ಒಂದನ್ನೇ ಆರಿಸಿಕೊಂಡಿದ್ದೇನೆ. ನಮ್ಮ ಸಣ್ಣ ಕೈಗಾರಿಕೆಗಳಲ್ಲಿ ಅದರ ಬಳಕೆ ವ್ಯಾಪಕವಾಗಿದೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಅದು ಕಂಡುಬಂದಿರುವುದೂ ಅಧ್ಯಯನಗಳಲ್ಲಿ ದಾಖಲಾಗಿದೆ.

ಒಂದೇ ಲೋಹ, ಎರಡು ನಡತೆ

ಕ್ರೋಮಿಯಂ ನೀರಿನಲ್ಲಿ ಮುಖ್ಯವಾಗಿ ಎರಡು ರೂಪಗಳಲ್ಲಿ ಇರುತ್ತದೆ. ಟ್ರೈವೇಲೆಂಟ್ ಎಂಬ ರೂಪವು ಸಾಮಾನ್ಯ ನೀರಿನಲ್ಲಿ ಸುಲಭವಾಗಿ ಕರಗದೆ ಮಣ್ಣಿಗೆ ಅಂಟಿಕೊಂಡು ನಿಲ್ಲುತ್ತದೆ. ಹೆಕ್ಸಾವೇಲೆಂಟ್ ಎಂಬ ರೂಪ ಇದಕ್ಕೆ ತದ್ವಿರುದ್ಧ: ಚೆನ್ನಾಗಿ ಕರಗುತ್ತದೆ, ನೀರು ಹರಿದತ್ತ ತಾನೂ ಹರಿಯುತ್ತದೆ, ಪ್ರಮಾಣ ಹೆಚ್ಚಾದಾಗ ನೀರಿಗೆ ಹಳದಿ ಬಣ್ಣ ಕೊಡುತ್ತದೆ. ಪ್ಲೇಟಿಂಗ್ ತೊಟ್ಟಿಯಲ್ಲಿ ನಾವು ಬಳಸುವ ಕ್ರೋಮಿಕ್ ಆಸಿಡ್ ಈ ಎರಡನೆಯ ಜಾತಿಯದು. ಇದರ ಮಂಜನ್ನು ಉಸಿರಾಡಿದ ಕೆಲಸಗಾರರಲ್ಲಿ ಮೂಗಿನ ಒಳಗೋಡೆ ತೂತಾಗುವುದು, ಚರ್ಮದಲ್ಲಿ ಹುಣ್ಣಾಗುವುದು ಬಹುಕಾಲದಿಂದ ತಿಳಿದ ಸಂಗತಿ. ಉಸಿರಿನ ಮೂಲಕ ದೇಹ ಸೇರಿದರೆ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆಂಬುದೂ ಸ್ಥಾಪಿತವಾಗಿದೆ.

ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ನಿಗದಿಪಡಿಸಿರುವ ಒಟ್ಟು ಕ್ರೋಮಿಯಂ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಬೇರೆ ನೀರಿನ ಮೂಲವಿಲ್ಲವೆಂಬ ಕಾರಣಕ್ಕೂ ಈ ಮಿತಿಯಲ್ಲಿ ಸಡಿಲಿಕೆ ಇಲ್ಲ. ಸಂಖ್ಯೆ ಚಿಕ್ಕದಾಗಿ ಕಾಣುವುದರಿಂದ ಅದರ ತೂಕ ತಿಳಿಯುವುದಿಲ್ಲ. ವ್ಯಾಪಾರಿಯ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಕಿಲೋ ಕ್ರೋಮಿಕ್ ಆಸಿಡ್‌ನಲ್ಲಿ 520 ಗ್ರಾಂ ಕ್ರೋಮಿಯಂ ಇರುತ್ತದೆ. ಅಷ್ಟನ್ನೂ ಶುದ್ಧ ನೀರಿನಲ್ಲಿ ಸಮನಾಗಿ ಬೆರೆಸಿದರೆ 1 ಕೋಟಿ 4 ಲಕ್ಷ ಲೀಟರ್ ನೀರು ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. 12,000 ಲೀಟರ್ ಹಿಡಿಸುವ ಟ್ಯಾಂಕರಿನಲ್ಲಿ ತುಂಬಿದರೆ ಸುಮಾರು 870 ಲೋಡು. ಒಂದು ಕಿಲೋ ಎಂದರೆ ಗೋದಾಮಿನಲ್ಲಿ ಡ್ರಮ್ಮಿನ ತಳ ಕೆರೆದಾಗ ಸಿಗುವಷ್ಟು.

ಭೂಮಿಯೊಳಗೆ ಇಳಿದ ಮೇಲೆ

ಈ ನೀರು ನೆಲದೊಳಗೆ ಹೇಗೆ ಸಾಗುತ್ತದೆ ಎಂಬುದು ಶುದ್ಧೀಕರಣದ ವೆಚ್ಚವನ್ನು ನಿರ್ಧರಿಸುವ ಮೊದಲ ಅಂಶ. ಮರಳು ಮತ್ತು ಮೆಕ್ಕಲು ಮಣ್ಣಿನ ಪ್ರದೇಶದಲ್ಲಿ ಕಲುಷಿತ ನೀರು ಹೊಗೆಯ ಬಾಲದಂತೆ ಒಂದು ದಿಕ್ಕಿಗೆ ನಿಧಾನವಾಗಿ ಚಾಚಿಕೊಳ್ಳುತ್ತದೆ. ನಾಲ್ಕಾರು ಪರೀಕ್ಷಾ ಬಾವಿ ಕೊರೆದರೆ ಅದರ ಅಗಲ, ಉದ್ದ, ವೇಗವನ್ನು ತಕ್ಕಮಟ್ಟಿಗೆ ಅಂದಾಜು ಮಾಡಬಹುದು. ದಕ್ಷಿಣ ಕರ್ನಾಟಕದ ಬಹುಭಾಗದಂಥ ಗಟ್ಟಿ ಶಿಲೆಯ ನೆಲದ ಸ್ಥಿತಿ ಬೇರೆ. ಮೇಲಿನ ಸಡಿಲ ಪದರದ ಕೆಳಗೆ ನೀರಿರುವುದು ಬಂಡೆಯ ಬಿರುಕುಗಳಲ್ಲಿ. ಪಕ್ಕದ ಕೊಳವೆ ಬಾವಿಯಲ್ಲಿ ಏನೂ ಕಾಣದೆ, ಅದಕ್ಕಿಂತ ದೂರದ ಬಾವಿಯಲ್ಲಿ ಹಳದಿ ನೀರು ಬರಬಹುದು. ಜತೆಗೆ, ಯಾರಾದರೂ ಆಳವಾದ ಕೊಳವೆ ಬಾವಿಯಿಂದ ಹಗಲಿರುಳು ನೀರೆತ್ತಿದರೆ ಕಲುಷಿತ ನೀರು ಅತ್ತಲೇ ಸೆಳೆಯಲ್ಪಡುತ್ತದೆ. ಹೀಗಾಗಿ, ಒಂದು ಶೆಡ್ಡಿನ ತೊಟ್ಟಿಯಿಂದ ಸೋರಿದ್ದು ತಪ್ಪನ್ನೇ ಮಾಡದ ಮತ್ತೊಬ್ಬರ ಬಾವಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಬತ್ತಿದ ಕೊಳವೆ ಬಾವಿಗೆ ದ್ರವ ತ್ಯಾಜ್ಯವನ್ನು ಇಳಿಸುವುದು ಅಲ್ಲಲ್ಲಿ ನಡೆಯುವುದನ್ನು ಕೇಳಿದ್ದೇವೆ. ಸೋರಿಕೆಯನ್ನು ಅಚಾತುರ್ಯವೆಂದು ವಾದಿಸಲು ಅವಕಾಶವಾದರೂ ಇದೆ, ಇದಕ್ಕೆ ಅದಿಲ್ಲ. ಮಣ್ಣಿನ ಮೇಲ್ಪದರದಲ್ಲಿರುವ ಸಾವಯವ ವಸ್ತುವಿಗೆ ಒಂದಿಷ್ಟು ಕ್ರೋಮಿಯಂ ಅನ್ನು ನಿರುಪದ್ರವಿ ರೂಪಕ್ಕೆ ತಿರುಗಿಸುವ ಶಕ್ತಿಯಿದೆ. ಕೊಳವೆ ಬಾವಿಯು ಆ ಪದರವನ್ನು ದಾಟಿ ವಿಷವನ್ನು ನೇರವಾಗಿ ಜಲಮೂಲಕ್ಕೆ ತಲುಪಿಸುತ್ತದೆ. ಸದುದ್ದೇಶದ ಮಳೆನೀರು ಇಂಗುಗುಂಡಿಯೂ ತೊಟ್ಟಿಗಳ ಪಕ್ಕದ ಕೆಟ್ಟ ಮಣ್ಣಿನಲ್ಲಿ ತೋಡಿದ್ದಾದರೆ ಇದೇ ಕೆಲಸ ಮಾಡುತ್ತದೆ.

ಶುದ್ಧೀಕರಣದ ಮೂರು ದಾರಿಗಳು

ಮೊದಲನೆಯದು ಹಳೆಯ ಕ್ರಮ: ನೀರನ್ನು ಪಂಪಿನಿಂದ ಮೇಲೆತ್ತುವುದು, ಸಂಸ್ಕರಿಸುವುದು, ಮರಳಿ ಬಿಡುವುದು. ಆರಂಭದಲ್ಲಿ ಫಲಿತಾಂಶ ಆಶಾದಾಯಕವಾಗಿರುತ್ತದೆ. ಕೆಲವು ವರ್ಷಗಳ ನಂತರ ಕ್ರೋಮಿಯಂ ಪ್ರಮಾಣ ಒಂದು ಮಟ್ಟಕ್ಕೆ ಬಂದು ಇಳಿಯಲೊಲ್ಲದು. ಜೇಡಿಮಣ್ಣಿನ ಪದರಗಳಲ್ಲಿ, ಬಂಡೆಯ ಸಂದುಗಳಲ್ಲಿ ಅಡಗಿದ್ದು ಸ್ವಲ್ಪಸ್ವಲ್ಪವೇ ಹೊರಬರುತ್ತಿರುತ್ತದೆ. ಪಂಪು ನಿಲ್ಲಿಸಿದರೆ ಮತ್ತೆ ಏರುತ್ತದೆ. ಬಡ್ಡಿ ಕಟ್ಟುತ್ತಲೇ ಇದ್ದು ಅಸಲು ಕರಗದ ಸಾಲದ ಹಾಗೆ ವಿದ್ಯುತ್ ಬಿಲ್ಲು, ರಾಸಾಯನಿಕ, ಸಿಬ್ಬಂದಿ ವೆಚ್ಚ ವರ್ಷವರ್ಷವೂ ಬರುತ್ತದೆ.

ಎರಡನೆಯದು, ನೀರನ್ನು ಮೇಲೆತ್ತದೆ ನೆಲದಡಿಯಲ್ಲೇ ಹೆಕ್ಸಾವೇಲೆಂಟ್ ರೂಪವನ್ನು ಟ್ರೈವೇಲೆಂಟ್ ಆಗಿ ಮಾರ್ಪಡಿಸುವುದು. ಫೆರಸ್ ಸಲ್ಫೇಟ್, ಕ್ಯಾಲ್ಸಿಯಂ ಪಾಲಿಸಲ್ಫೈಡ್‌ನಂಥ ರಾಸಾಯನಿಕವನ್ನು ಬಾವಿಗಳ ಮೂಲಕ ಒಳಸೇರಿಸಬಹುದು. ಇಲ್ಲವೆ ಕಾಕಂಬಿ, ಎಥನಾಲ್‌ನಂಥ ಆಹಾರ ಕೊಟ್ಟು ಮಣ್ಣಿನ ಸೂಕ್ಷ್ಮಜೀವಿಗಳಿಂದ ಆ ಕೆಲಸ ಮಾಡಿಸಬಹುದು. ಲೋಹವು ನೆಲದಲ್ಲೇ ಉಳಿಯುತ್ತದೆ, ಆದರೆ ಚಲಿಸದ ರೂಪದಲ್ಲಿ ಉಳಿಯುತ್ತದೆ. ಕೆಲವು ಸನ್ನಿವೇಶಗಳಲ್ಲಿ ಇದರ ಉಪಪರಿಣಾಮವಾಗಿ ಕಬ್ಬಿಣ, ಮ್ಯಾಂಗನೀಸ್, ಆರ್ಸೆನಿಕ್ ನೀರಿಗೆ ಬಿಡುಗಡೆಯಾಗುವುದುಂಟು; ಆದ್ದರಿಂದ ಕಣ್ಗಾವಲು ತಪ್ಪದು.

ಈ ಎರಡೂ ಕ್ರಮಗಳನ್ನು ದೊಡ್ಡ ಪ್ರಮಾಣದಲ್ಲಿ ಕಂಡ ಸ್ಥಳ ಕ್ಯಾಲಿಫೋರ್ನಿಯಾದ ಮರುಭೂಮಿಯ ಹಿಂಕ್ಲಿ. 2000ದಲ್ಲಿ ಬಿಡುಗಡೆಯಾದ ‘ಎರಿನ್ ಬ್ರೊಕೊವಿಚ್’ ಚಲನಚಿತ್ರ ನೋಡಿದವರಿಗೆ ಹೆಸರು ಪರಿಚಿತ. ಪೆಸಿಫಿಕ್ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಕಂಪನಿಯು 1952ರಿಂದ 1960ರ ದಶಕದ ಮಧ್ಯಭಾಗದವರೆಗೆ ತನ್ನ ಅನಿಲ ಒತ್ತಡ ಕೇಂದ್ರದ ಶೀತಲೀಕರಣ ಗೋಪುರಗಳಲ್ಲಿ ತುಕ್ಕು ತಡೆಯಲು ಹೆಕ್ಸಾವೇಲೆಂಟ್ ಕ್ರೋಮಿಯಂ ಬಳಸಿ, ಆ ನೀರನ್ನು ಒಳಹೊದಿಕೆಯಿಲ್ಲದ ಕೊಳಗಳಿಗೆ ಬಿಟ್ಟಿತು. 1987ರಲ್ಲಿ ಮಾಲಿನ್ಯ ವರದಿಯಾಯಿತು. 1996ರಲ್ಲಿ ನಿವಾಸಿಗಳಿಗೆ 33 ಕೋಟಿ 30 ಲಕ್ಷ ಡಾಲರ್ ಪರಿಹಾರ ಕೊಟ್ಟು ಕಂಪನಿ ರಾಜಿ ಮಾಡಿಕೊಂಡಿತು. ಚಲನಚಿತ್ರ ಅಲ್ಲಿಗೆ ಮುಗಿಯುತ್ತದೆ; ಲೆಕ್ಕ ಮುಗಿಯುವುದಿಲ್ಲ. ಆ ಹಣ ಜನರ ಹಾನಿಗೆ ಕೊಟ್ಟ ಪರಿಹಾರವೇ ಹೊರತು ನೀರಿನ ಶುದ್ಧೀಕರಣದ ವೆಚ್ಚವಲ್ಲ. ಶುದ್ಧೀಕರಣಕ್ಕಾಗಿ ನೆಲದೊಳಗೆ ಎಥನಾಲ್ ಹಾಯಿಸಲಾಯಿತು. ಕಲುಷಿತ ನೀರನ್ನೆತ್ತಿ ಮೇವಿನ ಬೆಳೆಯಾದ ಆಲ್ಫಾಲ್ಫಾಕ್ಕೆ ಉಣಿಸಿ ಬೇರಿನ ಮಣ್ಣಿನಲ್ಲಿ ಕ್ರೋಮಿಯಂ ತಡೆಯಲಾಯಿತು. 2015ರಲ್ಲಿ, ಅಂದರೆ ಬಳಕೆ ನಿಂತು ಸುಮಾರು ಅರ್ಧ ಶತಮಾನವಾದ ಮೇಲೆ, ಅಲ್ಲಿನ ಜಲಮಂಡಳಿ ಹೊಸ ಶುದ್ಧೀಕರಣ ಆದೇಶ ಹೊರಡಿಸಬೇಕಾಯಿತು.

ಹಿಂಕ್ಲಿಯದು ದೈತ್ಯ ಕಂಪನಿಯ ಕಥೆ, ನಮಗೇಕೆ ಎನ್ನುವವರು ಮೂರನೆಯ ಕ್ರಮದ ಉದಾಹರಣೆಯನ್ನು ಗಮನಿಸಬೇಕು. ಅಮೆರಿಕದ ನಾರ್ತ್ ಕೆರೊಲಿನಾದ ಎಲಿಜಬೆತ್ ಸಿಟಿಯಲ್ಲಿ ಕರಾವಳಿ ರಕ್ಷಣಾ ಪಡೆಯ ನೆಲೆಯೊಳಗೆ ಒಂದು ಕ್ರೋಮ್ ಪ್ಲೇಟಿಂಗ್ ಕಾರ್ಯಾಗಾರವಿತ್ತು. ಸುಮಾರು ಮೂವತ್ತು ವರ್ಷ ನಡೆದು 1984ರಲ್ಲಿ ಮುಚ್ಚಿತು. 1988ರಲ್ಲಿ ತಿಳಿದುಬಂದ ಸಂಗತಿಯೆಂದರೆ, ಕಾಂಕ್ರೀಟ್ ನೆಲದ ಒಂದು ತೂತಿನಿಂದ ಆಮ್ಲಯುಕ್ತ ಕ್ರೋಮಿಯಂ ದ್ರಾವಣ ಕೆಳಗಿಳಿದು ಪಕ್ಕದ ನದಿಯ ಕಡೆಗೆ ಸಾಗುತ್ತಿತ್ತು. ನದಿಯಿದ್ದದ್ದು ಸುಮಾರು 60 ಮೀಟರ್ ದೂರದಲ್ಲಿ. 1996ರಲ್ಲಿ ಆ ದಾರಿಗೆ ಅಡ್ಡವಾಗಿ 46 ಮೀಟರ್ ಉದ್ದ, 7.3 ಮೀಟರ್ ಆಳ, 0.6 ಮೀಟರ್ ಅಗಲದ ಕಂದಕ ತೆಗೆದು ಕಬ್ಬಿಣದ ಚೂರುಗಳನ್ನು ತುಂಬಿಸಲಾಯಿತು. ಹಾದುಹೋಗುವ ನೀರಿನಲ್ಲಿದ್ದ ಕ್ರೋಮಿಯಂ ಅನ್ನು ಕಬ್ಬಿಣವು ಬದಲಾಯಿಸಿ ಹಿಡಿದಿಡುತ್ತದೆ. ಪಂಪು ಬೇಡ, ವಿದ್ಯುತ್ ಬೇಡ. ಜಗತ್ತಿನಾದ್ಯಂತ ಅಧ್ಯಯನಕ್ಕೊಳಗಾದ ಯಶಸ್ವಿ ಪ್ರಯೋಗವಿದು. ಆದರೆ ಅಲ್ಲಿಯದು ಮರಳಿನ ನೆಲ. ಯಂತ್ರದಿಂದ ಕಂದಕ ತೆಗೆಯಬಹುದಿತ್ತು. ನೂರಾರು ಅಡಿ ಆಳದ ಬಂಡೆಯ ಬಿರುಕಿಗೆ ಕಂದಕ ತೋಡಲಾಗದು. ಆದ್ದರಿಂದ ಈ ಅಗ್ಗದ ಕ್ರಮ ನಮ್ಮ ಬಯಲುಸೀಮೆಯ ಬಹುತೇಕ ಕಡೆ ಕೈಗೆಟುಕುವುದಿಲ್ಲ. ನಮ್ಮ ನೆಲದಲ್ಲಿ ತಡೆಗೆ ಹೆಚ್ಚಿನ ಬೆಲೆಯಿರುವುದು ಈ ಕಾರಣದಿಂದ.

ರಾಣಿಪೇಟೆ

ನಮ್ಮ ನಂದಿಬೆಟ್ಟದ ಆಸುಪಾಸಿನಲ್ಲಿ ಹುಟ್ಟುವ ಪಾಲಾರ್ ನದಿ ಕೋಲಾರ ಸೀಮೆಯ ಮೂಲಕ ಹಾದು ತಮಿಳುನಾಡಿನಲ್ಲಿ ರಾಣಿಪೇಟೆಯ ಬಳಿ ಹರಿಯುತ್ತದೆ. ಅಲ್ಲಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ‘ತಮಿಳುನಾಡು ಕ್ರೋಮೇಟ್ಸ್ ಅಂಡ್ ಕೆಮಿಕಲ್ಸ್’ ಎಂಬ ಕಂಪನಿಯು ಚರ್ಮೋದ್ಯಮಕ್ಕೆ ಬೇಕಾದ ಕ್ರೋಮಿಯಂ ರಾಸಾಯನಿಕಗಳನ್ನು ತಯಾರಿಸುತ್ತಿತ್ತು. 1990ರ ದಶಕದ ಮಧ್ಯಭಾಗದಲ್ಲಿ ಕಾರ್ಖಾನೆ ಮುಚ್ಚಿತು. ಆವರಣದಲ್ಲಿ ಉಳಿದದ್ದು ಎರಡು ಲಕ್ಷ ಟನ್ನಿಗೂ ಹೆಚ್ಚಿನ ಕ್ರೋಮಿಯಂಯುಕ್ತ ತ್ಯಾಜ್ಯ. ಮಳೆ ಬಂದಾಗಲೆಲ್ಲ ಹಳದಿ ನೀರು ಹರಿಯಿತು; ಸುತ್ತಲ ಅಂತರ್ಜಲದಲ್ಲಿ ಕ್ರೋಮಿಯಂ ಕುಡಿಯುವ ನೀರಿನ ಮಿತಿಯನ್ನು ಹಲವು ಪಟ್ಟು ಮೀರಿತು.

ಲೆಕ್ಕಶಾಸ್ತ್ರದ ದೃಷ್ಟಿಯಿಂದ ಈ ಪ್ರಕರಣದ ತಿರುಳು ಇಷ್ಟು. ಕಾರ್ಖಾನೆ ನಡೆದ ಎರಡು ದಶಕಗಳ ಅವಧಿಯಲ್ಲಿ ತ್ಯಾಜ್ಯವನ್ನು ಅಂಗಳದಲ್ಲಿ ಗುಡ್ಡೆ ಹಾಕಿದ್ದರಿಂದ ಪ್ರತಿ ವರ್ಷವೂ ಉತ್ಪಾದನಾ ವೆಚ್ಚ ಕಡಿಮೆ ಕಂಡಿತು, ಮಾರಾಟದ ಬೆಲೆ ಅದಕ್ಕೆ ತಕ್ಕಂತೆ ನಿಗದಿಯಾಯಿತು. ನಿಜವಾದ ವೆಚ್ಚ ಯಾವ ವರ್ಷದ ಲಾಭ-ನಷ್ಟ ಖಾತೆಯಲ್ಲೂ ಕಾಣಲಿಲ್ಲ. ಅದು ಕಾಣುವ ಹೊತ್ತಿಗೆ ತೆರಬೇಕಾದ ಕಂಪನಿಯಲ್ಲಿ ತೆರುವ ಶಕ್ತಿಯಿರಲಿಲ್ಲ. ಹೊರೆ ಸರ್ಕಾರದ ಮೇಲೆ, ಎಂದರೆ ಸಾರ್ವಜನಿಕರ ಮೇಲೆ ಬಿತ್ತು. ಯೋಜನೆ, ಅಂದಾಜು, ಸಮೀಕ್ಷೆಗಳಲ್ಲಿ ದಶಕಗಳು ಕಳೆದವು. ಅಲ್ಲಿನ ರೈತ ಮಾತ್ರ ಮೊದಲ ದಿನದಿಂದಲೇ ತೆರುತ್ತಿದ್ದಾನೆ.

ತೆರುವವರು ಯಾರು?

1996ರಲ್ಲಿ ಸರ್ವೋಚ್ಚ ನ್ಯಾಯಾಲಯ ಎರಡು ತೀರ್ಪುಗಳನ್ನು ಕೊಟ್ಟಿತು. ಫೆಬ್ರುವರಿಯದು ರಾಜಸ್ಥಾನದ ಉದಯಪುರ ಜಿಲ್ಲೆಯ ಬಿಛ್ರಿ ಗ್ರಾಮದ ಪ್ರಕರಣ; ಆಗಸ್ಟ್‌ನದು ವೆಲ್ಲೂರಿನ ಚರ್ಮ ಹದ ಮಾಡುವ ಘಟಕಗಳ ಪ್ರಕರಣ. ಮಾಲಿನ್ಯ ಮಾಡಿದವನೇ ಪರಿಹಾರದೊಂದಿಗೆ ಪರಿಸರವನ್ನು ಮೊದಲಿನ ಸ್ಥಿತಿಗೆ ತರುವ ವೆಚ್ಚವನ್ನೂ ಭರಿಸಬೇಕೆಂಬ ತತ್ತ್ವ ಇವುಗಳ ಮೂಲಕ ನಮ್ಮ ಕಾನೂನಿನ ಭಾಗವಾಯಿತು.

ಬಿಛ್ರಿಯಲ್ಲಿ ಮುಖ್ಯ ದೋಷಿ ಕ್ರೋಮಿಯಂ ಅಲ್ಲ. ಬಣ್ಣಗಳ ತಯಾರಿಕೆಗೆ ಬೇಕಾದ ಎಚ್-ಆಸಿಡ್ ಎಂಬ ರಾಸಾಯನಿಕ. ಆದರೂ ಅಂಕಿಗಳು ಎಲ್ಲ ಉದ್ಯಮಿಗಳೂ ಓದುವಂಥವು. ತಯಾರಾದ ಸರಕು ಸುಮಾರು 375 ಟನ್. ಉಳಿದ ಕಬ್ಬಿಣ ಮತ್ತು ಜಿಪ್ಸಂ ಕೆಸರು ಸುಮಾರು 2,440 ಟನ್. ತಯಾರಿಕೆ ನಡೆದದ್ದು 1987ರಿಂದ 1989ರ ಆರಂಭದವರೆಗೆ ಮಾತ್ರ. ಪರಿಹಾರ ಕಾಮಗಾರಿಗೆಂದು 1997ರ ನವೆಂಬರಿನಲ್ಲಿ ನ್ಯಾಯಾಲಯ ನಿಗದಿ ಮಾಡಿದ ಮೊತ್ತ 37.385 ಕೋಟಿ ರೂಪಾಯಿ. ಕಂಪನಿಗಳು ಒಂದಾದ ಮೇಲೊಂದು ಅರ್ಜಿ ಹಾಕಿ ಪಾವತಿಯನ್ನು ಮುಂದೂಡಿದವು. 2011ರ ಜುಲೈನಲ್ಲಿ ನ್ಯಾಯಾಲಯವು ಆ ಮೊತ್ತವನ್ನು 1997ರ ನವೆಂಬರಿನಿಂದ ಶೇ. 12 ಚಕ್ರಬಡ್ಡಿಯೊಂದಿಗೆ ಕೊಡಬೇಕೆಂದು ಆದೇಶಿಸಿತು. ವ್ಯಾಜ್ಯದ ಖರ್ಚು 10 ಲಕ್ಷ ರೂಪಾಯಿ ಬೇರೆ. ವರ್ಷಕ್ಕೊಮ್ಮೆ ಬಡ್ಡಿ ಸೇರಿಸಿ ನಾನು ಲೆಕ್ಕ ಹಾಕಿದಂತೆ ಆದೇಶದ ದಿನಕ್ಕೇ ಅದು 175 ಕೋಟಿಯನ್ನು ದಾಟುತ್ತದೆ. ಎರಡು ವರ್ಷದೊಳಗಿನ ಉತ್ಪಾದನೆಗೆ ಈ ಬೆಲೆ. ಮೂಗಿಗಿಂತ ಮೂಗುತಿ ಭಾರವೆಂಬ ಮಾತು ಇಂಥಲ್ಲಿ ಅಕ್ಷರಶಃ ಸತ್ಯ. ವ್ಯಾಜ್ಯ ಎಳೆದಷ್ಟೂ ಲಾಭ ಎಂದು ನಂಬಿರುವ ವ್ಯಾಪಾರಿ ಬಂಧುಗಳಿಗೆ ಈ ಆದೇಶದ ಚಕ್ರಬಡ್ಡಿಯ ಭಾಗವನ್ನು ಓದಿ ಹೇಳುವುದು ನನ್ನ ರೂಢಿ.

2025ರ ನಿಯಮಗಳು ಈ ತತ್ತ್ವಕ್ಕೆ ಆಡಳಿತಾತ್ಮಕ ವೇಳಾಪಟ್ಟಿ ಒದಗಿಸಿವೆ. ಜಿಲ್ಲಾಡಳಿತವು ಸಂಶಯಾಸ್ಪದ ಸ್ಥಳಗಳ ಪಟ್ಟಿಯನ್ನು ಅರ್ಧವರ್ಷಕ್ಕೊಮ್ಮೆ ಕಳುಹಿಸಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು 90 ದಿನಗಳಲ್ಲಿ ಪ್ರಾಥಮಿಕ ಪರಿಶೀಲನೆ, ಅನಂತರ ಮೂರು ತಿಂಗಳಲ್ಲಿ ವಿವರ ಸಮೀಕ್ಷೆ ನಡೆಸಬೇಕು. ಕಲುಷಿತವೆಂದು ಖಚಿತವಾದ ಸ್ಥಳವನ್ನು ಪ್ರಕಟಿಸಿ, ಹೊಣೆಗಾರರನ್ನು ಗುರುತಿಸಿ, ಶುದ್ಧೀಕರಣ ವೆಚ್ಚವನ್ನು ಅವರಿಂದ ಪಡೆಯಬೇಕು. ಹೊಣೆಗಾರರು ಸಿಗದಿದ್ದರೆ ಅಥವಾ ಅಶಕ್ತರಾಗಿದ್ದರೆ ಕೇಂದ್ರ ಮತ್ತು ರಾಜ್ಯಗಳು ಹಂಚಿಕೊಳ್ಳುತ್ತವೆ. ಶುದ್ಧೀಕರಣ ಮುಗಿಸಲು ಗಟ್ಟಿಯಾದ ಅಂತಿಮ ಗಡುವು ಇಲ್ಲದಿರುವುದು ಈ ನಿಯಮಗಳ ಕೊರತೆಯೆಂದು ನನ್ನ ಅಭಿಪ್ರಾಯ. ಆದರೂ ಪಟ್ಟಿಯಲ್ಲಿ ಹೆಸರು ಪ್ರಕಟವಾದ ಜಾಗದ ಬೆಲೆ ಏನಾಗುತ್ತದೆಂದು ಉದ್ಯಮಿಗಳಿಗೆ ಬೇರೆ ಹೇಳಬೇಕಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ, ಹಾನಿಯ ಪುನಃಸ್ಥಾಪನೆಗಾಗಿ ಪರಿಹಾರ ವಿಧಿಸುವ ಅಧಿಕಾರ ಮಾಲಿನ್ಯ ಮಂಡಳಿಗಳಿಗೆ ಉಂಟೆಂದು ಸರ್ವೋಚ್ಚ ನ್ಯಾಯಾಲಯವೂ ತೀರ್ಪಿತ್ತಿತು.

ಅಢಾವೆ ಪತ್ರಿಕೆಯಲ್ಲಿ ಇದರ ಸ್ಥಾನ

ಲೆಕ್ಕಪತ್ರ ಮಾನಕ 29ರ ಪ್ರಕಾರ ಹಿಂದೆ ನಡೆದ ಘಟನೆಯಿಂದ ಇಂದು ಹೊಣೆ ಉಂಟಾಗಿದ್ದು, ಹಣ ಹೊರಹೋಗುವ ಸಂಭವವಿದ್ದು, ಮೊತ್ತವನ್ನು ನಂಬಲರ್ಹವಾಗಿ ಅಂದಾಜು ಮಾಡಲು ಸಾಧ್ಯವಿದ್ದರೆ ಅದಕ್ಕೆ ಪ್ರಾವಿಷನ್ ಮಾಡಬೇಕು. ಅಷ್ಟು ಖಚಿತವಿಲ್ಲದಿದ್ದರೆ ಸಂಭಾವ್ಯ ಹೊಣೆಯೆಂದು ಟಿಪ್ಪಣಿಯಲ್ಲಿ ತೋರಿಸಬೇಕು. ಆವರಣದ ಕೊಳವೆ ಬಾವಿಯಲ್ಲಿ ಕ್ರೋಮಿಯಂ ಇದೆಯೆಂಬ ಪ್ರಯೋಗಾಲಯ ವರದಿ ಕೈಯಲ್ಲಿರುವಾಗ ಎರಡರಲ್ಲಿ ಯಾವುದನ್ನೂ ಮಾಡದೆ ಸಹಿ ಹಾಕುವುದು ಮಾಲೀಕರಿಗೂ ಕ್ಷೇಮವಲ್ಲ, ಲೆಕ್ಕಪರಿಶೋಧಕರಿಗೂ ಅಲ್ಲ.

ಆದಾಯ ತೆರಿಗೆಯ ವಿಷಯದಲ್ಲಿ ಎರಡು ಸಂಗತಿ. ಅಪರಾಧಕ್ಕಾಗಿ ತೆತ್ತ ದಂಡವನ್ನು ವ್ಯವಹಾರದ ವೆಚ್ಚವೆಂದು ಕಳೆಯಲಾಗದು. 1961ರ ಕಾಯಿದೆಯ 37ನೇ ಪ್ರಕರಣದ ಈ ತತ್ತ್ವ 2025ರ ಹೊಸ ಕಾಯಿದೆಯಲ್ಲೂ ಮುಂದುವರಿದಿದೆ. ಹಾನಿ ತುಂಬಿಕೊಡಲು ತೆತ್ತದ್ದು ದಂಡವೋ ಪರಿಹಾರವೋ ಎಂಬುದನ್ನು ಆದೇಶದ ಸ್ವರೂಪ ನೋಡಿಯೇ ನಿರ್ಧರಿಸಬೇಕು. ಆದ್ದರಿಂದ ಮಂಡಳಿಯ ಆದೇಶದ ಭಾಷೆಯನ್ನು ಮೊದಲ ದಿನವೇ ಸಲಹೆಗಾರರಿಗೆ ತೋರಿಸುವುದು ಒಳಿತು. ಎರಡನೆಯದಾಗಿ, ಪ್ರಾವಿಷನ್ ಎಂದಾಕ್ಷಣ ತೆರಿಗೆ ಅಧಿಕಾರಿ ಒಪ್ಪುವುದಿಲ್ಲವೆಂಬುದು ತಪ್ಪು ಗ್ರಹಿಕೆ. ನಮ್ಮ ಬೆಂಗಳೂರಿನದೇ ಆದ ಭಾರತ್ ಅರ್ಥ್ ಮೂವರ್ಸ್ ಪ್ರಕರಣದಲ್ಲಿ, ರಜಾ ನಗದೀಕರಣಕ್ಕೆ ಸಂಬಂಧಿಸಿದ ವಿಷಯವಾದರೂ, 2000ದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು ಹೀಗೆ: ಹೊಣೆ ಆ ವರ್ಷವೇ ಖಚಿತವಾಗಿ ಹುಟ್ಟಿದ್ದು ಸಮಂಜಸ ಅಂದಾಜು ಸಾಧ್ಯವಿದ್ದರೆ, ಪಾವತಿ ಮುಂದೆ ಆಗಲಿದ್ದರೂ ಕಡಿತಕ್ಕೆ ಅರ್ಹ. ಅಂದಾಜಿಗೆ ಆಧಾರ ಬೇಕು. ತಜ್ಞರ ವರದಿಯಿಲ್ಲದ ದುಂಡು ಸಂಖ್ಯೆ ನಿಲ್ಲದು. ಜಲಮಾಲಿನ್ಯ ನಿಯಂತ್ರಣ ಯಂತ್ರಗಳಿಗೆ ಒಂದು ಕಾಲಕ್ಕೆ ದೊರೆಯುತ್ತಿದ್ದ ಶೇ. 100 ಸವಕಳಿಯನ್ನು 2017ರ ಏಪ್ರಿಲ್‌ನಿಂದ ಶೇ. 40ಕ್ಕೆ ಇಳಿಸಲಾಯಿತು. ತಡೆಗಟ್ಟುವವನಿಗೆ ಇದ್ದ ಉತ್ತೇಜನವನ್ನೇ ಕಡಿಮೆ ಮಾಡಿದ ಈ ಕ್ರಮ ವಿವೇಕದ್ದೆಂದು ನನಗೆ ಅನ್ನಿಸುವುದಿಲ್ಲ.

ನಮ್ಮ ಸದಸ್ಯರಲ್ಲಿ ಅನೇಕರದು ಪಾಲುದಾರಿಕೆ ಸಂಸ್ಥೆ. 1932ರ ಪಾಲುದಾರಿಕೆ ಕಾಯಿದೆಯಡಿ ಸಂಸ್ಥೆಯ ಕೃತ್ಯಗಳಿಗೆ ಪಾಲುದಾರರು ಒಟ್ಟಾಗಿಯೂ ಬಿಡಿಬಿಡಿಯಾಗಿಯೂ ಹೊಣೆಗಾರರು. ಮನೆ, ಸೈಟು, ಬ್ಯಾಂಕಿನ ಠೇವಣಿ ಹೊರಗುಳಿಯುವುದಿಲ್ಲ. ನಿವೃತ್ತರಾದ ಪಾಲುದಾರರು ನಿವೃತ್ತಿಗೆ ಮುಂಚಿನ ಕೃತ್ಯಗಳ ಹೊಣೆಯಿಂದ ತಾವಾಗಿಯೇ ಮುಕ್ತರಾಗುವುದಿಲ್ಲ. ನೆಲದಡಿಯ ಮಾಲಿನ್ಯ ಹೊರಬೀಳುವುದು ಹತ್ತಿಪ್ಪತ್ತು ವರ್ಷಗಳ ನಂತರ ಎಂಬುದನ್ನು ಇದರೊಂದಿಗೆ ಕೂಡಿಸಿ ನೋಡಬೇಕು. ಎಪ್ಪತ್ತು ದಾಟಿದ ತಂದೆ, ಈಗ ತಾನೆ ಪಾಲುದಾರನಾದ ಮಗ, ಬಿಟ್ಟುಹೋದ ಸೋದರಳಿಯ ಮೂವರೂ ಒಂದೇ ನೋಟೀಸಿನಲ್ಲಿ ಬರಬಹುದು.

ಸರಕಿನ ತಾಳೆ

ಇನ್ನು ತಡೆಯ ವಿಷಯ. ಲೆಕ್ಕದ ಪುಸ್ತಕವೇ ಇಲ್ಲಿ ಮೊದಲ ಉಪಕರಣ. ಒಂದು ಘಟಕವು ವರ್ಷದಲ್ಲಿ 100 ಕಿಲೋ ಕ್ರೋಮಿಕ್ ಆಸಿಡ್ ಬಳಸಿತೆಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಆರಂಭ ಮತ್ತು ಅಂತ್ಯದ ದಾಸ್ತಾನು ಸಮ. ಇದರಲ್ಲಿ ಕ್ರೋಮಿಯಂ 52 ಕಿಲೋ. ಅಲಂಕಾರಿಕ ಲೇಪನದ ದಪ್ಪ 0.3 ಮೈಕ್ರಾನ್ ಎಂದು ಹಿಡಿದರೆ ಒಂದು ಚದರ ಮೀಟರಿಗೆ ಕುಳಿತುಕೊಳ್ಳುವ ಕ್ರೋಮಿಯಂ ಸುಮಾರು 2.16 ಗ್ರಾಂ. ವರ್ಷದಲ್ಲಿ 10,000 ಚದರ ಮೀಟರ್ ಕೆಲಸವಾಗಿದ್ದರೆ ಗಿರಾಕಿಯ ಸರಕಿನ ಮೇಲೆ ಹೋದದ್ದು 21.6 ಕಿಲೋ. ಉಳಿದ 30 ಕಿಲೋ ಎಲ್ಲಿ? ಹಣ ಕೊಟ್ಟು ಕೊಂಡ ಕಚ್ಚಾ ಸಾಮಗ್ರಿಯ ಅರ್ಧಕ್ಕಿಂತ ಹೆಚ್ಚು ಭಾಗ ಕಾಣೆಯಾಗಿದೆ. ಬೆಳ್ಳಿ ಅಂಗಡಿಯಲ್ಲಿ ಹೀಗಾದರೆ ಅಂದೇ ರಾತ್ರಿ ತಪಾಸಣೆ ನಡೆಯುತ್ತಿತ್ತು.

ಅದು ತೊಳೆಯುವ ನೀರಿನಲ್ಲಿ, ಗಾಳಿಗೆ ಏಳುವ ಮಂಜಿನಲ್ಲಿ, ನೆಲದ ಮೇಲಿನ ಹನಿಗಳಲ್ಲಿ ಹೋಗಿದೆ. ಸಂಸ್ಕರಣೆ ಸರಿಯಾಗಿ ನಡೆದಿದ್ದರೆ 30 ಕಿಲೋ ಕ್ರೋಮಿಯಂ ಒಣ ತೂಕದಲ್ಲೇ ಸುಮಾರು 60 ಕಿಲೋ ಹೈಡ್ರಾಕ್ಸೈಡ್ ಆಗಬೇಕು. ತೇವ ಮತ್ತು ಸುಣ್ಣದ ಅಂಶ ಸೇರಿ ಕೆಸರು ಇನ್ನೂ ಹೆಚ್ಚಿರಬೇಕು. ಅಪಾಯಕಾರಿ ತ್ಯಾಜ್ಯದ ರಿಜಿಸ್ಟರಿನಲ್ಲಿ, ಅಧಿಕೃತ ವಿಲೇವಾರಿ ಕೇಂದ್ರಕ್ಕೆ ಕಳುಹಿಸಿದ ಮ್ಯಾನಿಫೆಸ್ಟ್‌ಗಳಲ್ಲಿ ಅಷ್ಟು ಕಾಣದಿದ್ದರೆ ಸರಕು ಎಲ್ಲಿಗೆ ಹೋಯಿತೆಂದು ಊಹಿಸಲು ತಜ್ಞರು ಬೇಕಿಲ್ಲ. ಮಂಡಳಿಯವರೂ ಈ ಗುಣಾಕಾರ ಮಾಡಬಲ್ಲರು. ಖರೀದಿಯ ಅಂಕಿ ಜಿಎಸ್‌ಟಿ ದಾಖಲೆಯಲ್ಲಿ ಇದ್ದೇ ಇರುತ್ತದೆ.

ಕಡಿಮೆ ಮಾಡುವ ಉಪಾಯಗಳು ಬಡ ಘಟಕಕ್ಕೂ ನಿಲುಕುವಂಥವು. ಸರಕನ್ನು ತೊಟ್ಟಿಯಿಂದೆತ್ತಿದ ಮೇಲೆ ಅದರ ಮೇಲೆಯೇ ಕಾಲು ನಿಮಿಷ ಹಿಡಿದು ಹನಿ ಇಳಿಸುವುದು; ಮೊದಲ ತೊಳೆತಕ್ಕೆ ನಿಂತ ನೀರಿನ ತೊಟ್ಟಿಯಿಟ್ಟು ಆ ನೀರನ್ನೇ ಪ್ಲೇಟಿಂಗ್ ತೊಟ್ಟಿಗೆ ಆವಿಯಾದಷ್ಟು ಮರಳಿ ತುಂಬುವುದು; ಅನಂತರದ ತೊಳೆತವನ್ನು ಎರಡು ಹಂತಗಳಲ್ಲಿ, ನೀರು ಸರಕಿಗೆ ಎದುರು ದಿಕ್ಕಿನಲ್ಲಿ ಹರಿಯುವಂತೆ ಏರ್ಪಡಿಸುವುದು. ತೊಟ್ಟಿಗಳನ್ನು ನೆಲದಲ್ಲಿ ಹೂಳದೆ ಪೀಠದ ಮೇಲಿಟ್ಟರೆ ಸೋರಿಕೆ ಕಣ್ಣಿಗೆ ಬೀಳುತ್ತದೆ. ಎಲಿಜಬೆತ್ ಸಿಟಿಯ ತೂತು ಕಾಣದೇ ಉಳಿದದ್ದು ನೆಲದಲ್ಲಿದ್ದ ಕಾರಣಕ್ಕೇ. ಉಳಿದ ನೀರಿಗೆ ಆಮ್ಲೀಯ ಸ್ಥಿತಿಯಲ್ಲಿ ಸೋಡಿಯಂ ಮೆಟಾಬೈಸಲ್ಫೈಟ್ ಬೆರೆಸಿ, ಹಳದಿ ಹೋಗಿ ಹಸಿರಾದ ಬಳಿಕ ಸುಣ್ಣದಿಂದ ಕೆಸರು ಇಳಿಸುವ ಕ್ರಮ ಹಳೆಯದು, ಎಲ್ಲರಿಗೂ ತಿಳಿದದ್ದು. ಆ ಕೆಸರನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ಆವರಣದಲ್ಲಿ ಇಟ್ಟುಕೊಳ್ಳುವಂತಿಲ್ಲ. ಅಲಂಕಾರಿಕ ಲೇಪನಕ್ಕೆ ಟ್ರೈವೇಲೆಂಟ್ ದ್ರಾವಣಗಳೂ ಮಾರುಕಟ್ಟೆಯಲ್ಲಿವೆ. ದುಬಾರಿ, ನಿರ್ವಹಣೆಯಲ್ಲಿ ಎಚ್ಚರ ಬೇಕು. ಆದರೆ ಬೆಲೆ ಹೋಲಿಸುವಾಗ ಹಳೆಯ ದ್ರಾವಣದ ಪಕ್ಕದಲ್ಲಿ ಸಂಸ್ಕರಣೆ ಮತ್ತು ಕೆಸರು ಸಾಗಣೆಯ ವೆಚ್ಚವನ್ನೂ ಬರೆದು ಹೋಲಿಸಬೇಕು.

ಹಳೆಯ ಶೆಡ್ಡು ಕೊಳ್ಳುವವರಿಗೆ

ಪ್ಲೇಟಿಂಗ್ ನಡೆದ ಶೆಡ್ಡುಗಳು ಈಗ ಗೋದಾಮಿಗೆ, ಗಾರ್ಮೆಂಟ್ಸಿಗೆ, ಆಹಾರ ಪೊಟ್ಟಣ ಕಟ್ಟುವ ಘಟಕಕ್ಕೆ ಕೈಬದಲಾಗುತ್ತಿವೆ. ಋಣಭಾರ ಪತ್ರವನ್ನು ಮೂವತ್ತು ವರ್ಷ ಹಿಂದಿನವರೆಗೂ ತೆಗೆಸಿ ನೋಡುವ ನಾವು ಕೊಳವೆ ಬಾವಿಯ ನೀರನ್ನು ಒಮ್ಮೆಯೂ ಪರೀಕ್ಷಿಸುವುದಿಲ್ಲ. ನೋಂದಣಿಗೆ ಮುಂಚೆ ಆವರಣದ ನೀರನ್ನೂ, ತೊಟ್ಟಿಗಳಿದ್ದ ಜಾಗದ ಮಣ್ಣನ್ನೂ ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು. ಒಟ್ಟು ಕ್ರೋಮಿಯಂ ಮತ್ತು ಹೆಕ್ಸಾವೇಲೆಂಟ್ ಕ್ರೋಮಿಯಂ ಎರಡನ್ನೂ ಬೇರೆಬೇರೆಯಾಗಿ ಕೇಳಬೇಕು. ಎರಡನೆಯದು ಮಾದರಿಯಲ್ಲಿ ಬೇಗ ರೂಪ ಬದಲಿಸುವುದರಿಂದ ನೀರನ್ನು ಅದೇ ದಿನ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಬೇಸಿಗೆಯ ಒಂದು ಮಾದರಿ ಸಾಲದು, ಮಳೆಗಾಲ ಮುಗಿದ ಮೇಲಿನದೂ ಬೇಕು. ಹಿಂದಿನ ಮಾಲೀಕರಿಗೆ ಮಂಡಳಿ ಕೊಟ್ಟ ಸಮ್ಮತಿ ಪತ್ರ ಮತ್ತು ತ್ಯಾಜ್ಯದ ವಾರ್ಷಿಕ ವಿವರಣೆಗಳ ಪ್ರತಿ ಕೇಳಿ ಪಡೆಯಬೇಕು.

ಹಿಂದಿನ ಮಾಲಿನ್ಯಕ್ಕೆ ಮಾರುವವರೇ ಹೊಣೆ ಎಂಬ ಷರತ್ತನ್ನು ಕ್ರಯಪತ್ರದಲ್ಲಿ ಬರೆಸುವುದು ಸರಿ. ಆದರೆ ಅದು ಮಾರಿದವರು ಮತ್ತು ಕೊಂಡವರ ನಡುವಿನ ಒಪ್ಪಂದ. ಮಂಡಳಿಯನ್ನಾಗಲಿ ನೆರೆಯ ಬಾವಿಯವರನ್ನಾಗಲಿ ಕಟ್ಟಿಹಾಕುವುದಿಲ್ಲ. ಮಾರಿದವರು ಊರು ಬಿಟ್ಟರೆ ಷರತ್ತಿನ ಬೆಲೆ ಛಾಪಾ ಕಾಗದದ ಬೆಲೆಗಿಂತ ಹೆಚ್ಚಾಗದು. ಕ್ರಯದ ಮೊತ್ತದಲ್ಲಿ ಒಂದು ಭಾಗವನ್ನು ಎರಡನೆಯ ಮಾದರಿಯ ವರದಿ ಬರುವವರೆಗೆ ಬ್ಯಾಂಕಿನಲ್ಲಿ ಜಂಟಿಯಾಗಿ ಹಿಡಿದಿಡುವ ಏರ್ಪಾಟನ್ನು ಇತ್ತೀಚೆಗೆ ಕೆಲವು ಕಕ್ಷಿದಾರರಿಗೆ ಸೂಚಿಸುತ್ತಿದ್ದೇನೆ. ಮಾರುವವರು ಮೊದಲು ಗೊಣಗುತ್ತಾರೆ. ನೆಲ ಶುದ್ಧವಾಗಿದೆಯೆಂದು ಖಾತ್ರಿಯಿರುವವರು ಒಪ್ಪುತ್ತಾರೆ. ಒಪ್ಪದವರ ವಿಷಯದಲ್ಲಿ ಮುಂದುವರಿಯುವ ಮುನ್ನ ಮಣ್ಣಿನ ಇನ್ನೆರಡು ಮಾದರಿ, ಈ ಬಾರಿ ಒಂದು ಮೀಟರ್ ಆಳದಿಂದ, ತೆಗೆಸಿ ನೋಡುವುದು ಲೇಸು.